ಗುಡಿಸಿದ ಪುಟ

ಮಾವನ ಫೈಲು ತೆರೆದುಕೊಳ್ಳುವಷ್ಟು ಹೊತ್ತೂ ಅವಳು ಕಂಪ್ಯೂಟರ್ ಪರದೆಯತ್ತ ನೋಡಲಿಲ್ಲ. ಪ್ರಿಂಟರಿನ ಹಸಿರು ದೀಪ ನೋಡಿದಳು, ಕಿಟಕಿಯ ಸರಳಿಗೆ ಯಾರೋ ಕಟ್ಟಿ ಮರೆತ ಒರೆಸುವ ಬಟ್ಟೆ ನೋಡಿದಳು, ಎದುರು ಕಟ್ಟಡದ ತಾರಸಿಯಲ್ಲಿ ಒಂದು ಪಾರಿವಾಳ ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುವುದನ್ನು ನೋಡಿದಳು. ಗಾಯದ ಪಟ್ಟಿ ಬಿಚ್ಚುವಾಗ ಮಕ್ಕಳು ಬೇರೆ ಕಡೆ ನೋಡುತ್ತಾರಲ್ಲ, ಹಾಗೆ. ಫೈಲು ತೆರೆದುಕೊಂಡದ್ದು ಕಣ್ಣಂಚಿಗೆ ಗೊತ್ತಾಯಿತು. ಗೊತ್ತಾದ ಕೂಡಲೇ ಕೀಲಿಮಣೆಯ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಪುಟಗಳು ತಾವಾಗಿಯೇ ಓಡಿದವು, ಸಾಲುಗಳು ಒಮ್ಮೆ ಮಿಸುಕಾಡಿ ನಿಂತವು, ಕೊನೆಗೆ ಪರದೆಯ ನಡುವೆ ಒಂದು ಸಣ್ಣ ಚೌಕ ಮೂಡಿ ಎಷ್ಟು ಕಡೆ ತಿದ್ದಿದ್ದಾಯಿತೆಂದು ಹೇಳಿತು. ಆ ಚೌಕವನ್ನು ಇಟ್ಟವಳೂ ಅವಳೇ. ಹೊಸದರಲ್ಲಿ, ತನ್ನ ಜಾಣತನವನ್ನು ತನಗಾದರೂ ತೋರಿಸಿಕೊಳ್ಳಬೇಕೆಂಬ ಆಸೆಯಿದ್ದಾಗ ಇಟ್ಟದ್ದು. ಈಗ ಅದು ಬೆಳಗಾಗೆದ್ದು ಜ್ವರ ನೋಡುವ ಕಡ್ಡಿಯಂತಾಗಿತ್ತು. ಇವತ್ತಿನ ಅಂಕಿ ನಿನ್ನೆಯದಕ್ಕಿಂತ ಹೆಚ್ಚು. ನಿನ್ನೆಯದು ಮೊನ್ನೆಯದಕ್ಕಿಂತ ಹೆಚ್ಚಾಗಿತ್ತು. ಅವಳು ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿ ಚೌಕವನ್ನು ಮುಚ್ಚಿದಳು. ಹಿಂದೆ ಗೋಡೆಯಿತ್ತು. ಅವಳ ಕುರ್ಚಿಯ ಬೆನ್ನು ಗೋಡೆಗೆ ತಾಗಿಕೊಂಡೇ ಇತ್ತು. ಆದರೂ ದಿನಾ ತಿರುಗಿ ನೋಡುತ್ತಿದ್ದಳು.

ಅದು ಮೂರು ಮೇಜುಗಳ ಬೆರಳಚ್ಚು ಕಚೇರಿ. ವಕೀಲರ ಕ್ರಯಪತ್ರ, ಉಯಿಲು, ಕಾಲೇಜಿನವರ ಪ್ರಬಂಧ, ನಿವೃತ್ತರಾದವರು ಕೈಬರಹದಲ್ಲಿ ತಂದುಕೊಡುವ ಆತ್ಮಚರಿತ್ರೆ, ಇಂಥವನ್ನು ಹೊಡೆದು ಕೊಡುವ ಜಾಗ. ಕಿಟಕಿಯ ಬಳಿಯ ಮೇಜು ಮಾವನದು. ಬಾಗಿಲ ಬಳಿಯದು ಎಲ್ಲರೂ ರೇಡಿಯೊ ಎಂದು ಕರೆಯುವ ಹೆಂಗಸಿನದು. ಬಂದಾಗ ಶುರುವಾದ ಮಾತು ಹೋಗುವವರೆಗೆ ನಿಲ್ಲುತ್ತಿರಲಿಲ್ಲ, ಆಗಾಗ ಹಾಡೂ ಬರುತ್ತಿತ್ತು. ಮೂಲೆಯದು ಅವಳದು, ಮಾವನ ಅಕ್ಕನ ಮಗಳದು. ಗಾಜಿನ ಕೋಣೆಯೊಳಗೆ ಮೇಡಂ. ಪ್ರಿಂಟರಿಗೆ ತಂತಿ ಕೊಟ್ಟಿದ್ದದ್ದು ಮೂಲೆಯ ಯಂತ್ರಕ್ಕೆ ಮಾತ್ರವಾದ್ದರಿಂದ ಎಲ್ಲರ ಕೆಲಸವೂ ಅವಳ ಕೈದಾಟಿಯೇ ಕಾಗದಕ್ಕೆ ಇಳಿಯಬೇಕಾಗಿತ್ತು. ಇಳಿದ ಪುಟಗಳನ್ನು ಮೇಡಂ ಕೆಂಪು ಪೆನ್ಸಿಲು ಹಿಡಿದು ಓದುತ್ತಿದ್ದರು. ಕೆಂಪು ಬಿದ್ದ ಪುಟ ಹೊಡೆದವರ ಮೇಜಿಗೆ ಹಿಂದಿರುಗುತ್ತಿತ್ತು. ತಪ್ಪು ಮಾಡಿದವರೇ ಕೂತು ತಿದ್ದಬೇಕು, ಒಬ್ಬರ ಪುಟಕ್ಕೆ ಇನ್ನೊಬ್ಬರು ಕೈ ಹಾಕಕೂಡದು: ಈ ಕಚೇರಿ ಶುರುವಾದ ಕಾಲದಲ್ಲಿ ಈ ನಿಯಮ ಮಾಡಿದವರು ಮಾವನೇ. ಆಗ ಟೈಪ್‌ರೈಟರುಗಳಿದ್ದವಂತೆ. ತಪ್ಪಿದರೆ ಪುಟವನ್ನೇ ಮತ್ತೆ ಹೊಡೆಯಬೇಕಿತ್ತಂತೆ. ಮಾವನ ಪುಟ ಹಾಗೆ ಹಿಂದಿರುಗಿದ್ದನ್ನು ಕಂಡವರೇ ಇರಲಿಲ್ಲ.

ಅವಳ ಪುಟಗಳು ಮಾತ್ರ ಬಂದ ಹೊಸದರಲ್ಲಿ ಕೆಂಪಗಾಗಿಯೇ ಬರುತ್ತಿದ್ದವು. ಪದಗಳ ನಡುವೆ ಒಂದರ ಬದಲು ಎರಡು ಜಾಗ ಬಿಡುತ್ತಿದ್ದಳು. ಪೂರ್ಣವಿರಾಮಕ್ಕೆ ಮುಂಚೆ ಒಂದು ಜಾಗ ಬಿಡುತ್ತಿದ್ದಳು. ಮನಸ್ಸು ಎಲ್ಲೋ ಹೋದಾಗ ಒಂದೇ ಪದವನ್ನು ಎರಡು ಸಲ ಹೊಡೆಯುತ್ತಿದ್ದಳು. 'ಗುಬ್ಬಿ ಕಾಳು ಚೆಲ್ಲಿದ ಹಾಗಿದೆ ನೋಡಿ' ಎಂದು ರೇಡಿಯೊ ಒಮ್ಮೆ ಅಂದದ್ದಕ್ಕೆ ಎಲ್ಲರೂ ನಕ್ಕಿದ್ದರು. ಮನೆಯಲ್ಲಿ ಮಾವ ಕರೆಯುವ ಗುಬ್ಬಿ ಎಂಬ ಹೆಸರು ಕಚೇರಿಯ ಹೆಸರೂ ಆದದ್ದು ಅವತ್ತೇ. ಶಾಲೆಯಲ್ಲೂ ಹೀಗೇ ಆಗಿತ್ತು, ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತಾಗ ಬೆನ್ನ ಹಿಂದೆ ಬೆಂಚುಗಳೆಲ್ಲ ನಕ್ಕಿದ್ದವು, ಅವಳು ಸುಣ್ಣವನ್ನು ಅಲ್ಲೇ ಇಟ್ಟು ಹೊರಗೆ ಬಂದವಳು ಮತ್ತೆ ಹೋಗಲಿಲ್ಲ. ಅಮ್ಮ ಬೈದಳು, ಅತ್ತಳು, ಸುಮ್ಮನಾದಳು. ಮಾವ ಮಾತ್ರ, 'ಬಿಡಕ್ಕ, ನಾಲ್ಕು ಜನದ ಮುಂದೆ ನಿಲ್ಲೋಕಾಗದವರಿಗೂ ಒಂದು ಕೆಲಸ ಇರತ್ತೆ' ಎಂದು ಇಲ್ಲಿಗೆ ಕರೆತಂದಿದ್ದರು. ಅವಳ ಹತ್ತೂ ಬೆರಳನ್ನು ಒಂದೊಂದಾಗಿ ಎತ್ತಿ ಅದರದರ ಕೀಲಿಯ ಮೇಲೆ ಕೂರಿಸಿದ್ದರು. 'ಇಲ್ಲಿ ನನ್ನ ಮಾವ ಅನ್ಬೇಡ, ಸರ್ ಅನ್ನು' ಎಂದಿದ್ದರು. ಸರ್ ಎಂಬುದು ಅವಳ ಬಾಯಿಗೆ ಬರಲಿಲ್ಲ, ಮಾವ ಅನ್ನುವ ಹಾಗಿರಲಿಲ್ಲ. ಹೀಗಾಗಿ ಕಚೇರಿಯಲ್ಲಿ ಅವರನ್ನು ಏನೂ ಕರೆಯದೆ, ಅವರು ತನ್ನ ಕಡೆ ನೋಡುವವರೆಗೆ ಕಾದು ಮಾತಾಡುವುದನ್ನು ಕಲಿತಳು.

ಮ್ಯಾಕ್ರೊ ಎಂಬುದು ಅವಳಿಗೆ ಸಿಕ್ಕದ್ದು ಆ ಕಾಯುವ ಹೊತ್ತಿನಲ್ಲೇ. ಕೈ ಒಮ್ಮೆ ಮಾಡಿದ್ದನ್ನು ಯಂತ್ರ ನೆನಪಿಟ್ಟುಕೊಂಡು ಎಷ್ಟು ಸಲ ಬೇಕಾದರೂ ಮಾಡುತ್ತದೆ ಎಂದು ತಿಳಿದಾಗ ಮೊದಲು ಭಯವಾಯಿತು, ಆಮೇಲೆ ಯಾರಿಗೂ ಹೇಳಬಾರದ ಒಂದು ಸಂತೋಷವಾಯಿತು. ಎರಡು ಜಾಗ ಕಂಡಲ್ಲಿ ಒಂದು ಮಾಡು. ವಿರಾಮಕ್ಕೆ ಮುಂಚಿನ ಜಾಗ ತೆಗೆ. ಒಂದೇ ಪದ ಎರಡು ಸಲ ಬಂದರೆ ನಿಲ್ಲು, ನನ್ನನ್ನು ಕೇಳು. ಒಂದೊಂದು ಆಜ್ಞೆಯನ್ನೂ ತಪ್ಪಿ, ಒರೆಸಿ, ಮತ್ತೆ ಬರೆದು ಕೊನೆಗೆ ಎಲ್ಲವನ್ನೂ ಒಂದು ಹೆಸರಿನ ಕೆಳಗೆ ಸೇರಿಸಿದಳು. ಹೆಸರು ಕೇಳಿದಾಗ ಯಂತ್ರಕ್ಕೆ 'ಗುಡಿಸು' ಎಂದು ಕೊಟ್ಟಳು. ಯಾರಿಗೂ ಕಾಣದ ಪೊರಕೆ. ಎರಡು ವಾರದಲ್ಲಿ ಅವಳ ಪುಟಗಳ ಕೆಂಪು ಇಳಿಯಿತು. 'ಪರವಾಗಿಲ್ವೇ ಗುಬ್ಬಿ, ನಿನ್ನ ಮಾವನ ಕೈ ಬಂದಿದೆ ನಿನಗೆ' ಎಂದು ಮೇಡಂ ಅಂದಾಗ ಮಾವ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕದ್ದನ್ನು ಅವಳು ನೋಡಿದಳು. ಆಗ ಅದು ಪೊರಕೆಯ ಕೆಲಸವೆಂದು ಹೇಳಬಹುದಿತ್ತು. ಹೇಳಲಿಲ್ಲ. ಹೇಳಬೇಕಾದ್ದು ಗಂಟಲಿಗೆ ಬಂದು ನಿಂತು, ಎದುರಿನವರು ಬೇರೆ ಮಾತಿಗೆ ಹೋದ ಮೇಲೆ ಸದ್ದಿಲ್ಲದೆ ವಾಪಸು ಇಳಿದುಹೋಗುವುದು ಅವಳಿಗೆ ಹೊಸತಲ್ಲ.

ಚಳಿ ಶುರುವಾದ ಒಂದು ಬೆಳಿಗ್ಗೆ ಮಾವನ ಪುಟದಲ್ಲಿ 'ಹಲೆಯ ಮನೆ' ಎಂದಿತ್ತು. ಹಳೆಯ ಮನೆ. ಅವಳು ಆ ಪದವನ್ನು ಮೇಡಂ ನೋಡುವ ಮುಂಚೆ ತಾನು ನೋಡಿದೆನಲ್ಲ ಎಂದು ನಿಟ್ಟುಸಿರುಬಿಟ್ಟಳೇ ಹೊರತು, ನಿಯಮದಂತೆ ಪುಟವನ್ನು ಮಾವನಿಗೆ ಹಿಂದಿರುಗಿಸುವ ಯೋಚನೆಯೂ ಅವಳಿಗೆ ಬರಲಿಲ್ಲ. ಬೆರಳ ತುದಿಯಿಂದ ಅದೊಂದನ್ನು ಒರೆಸಿಬಿಟ್ಟಳು, ಊಟಕ್ಕೆ ಕೂತವರ ಗಲ್ಲಕ್ಕೆ ಅಂಟಿದ ಅಗುಳನ್ನು ಅವರಿಗೆ ತಿಳಿಯದಂತೆ ತೆಗೆಯುವ ಹಾಗೆ. ಮರುವಾರ ಅಂಥವು ಮೂರ್ನಾಲ್ಕು. ತಿಂಗಳಾಗುವಷ್ಟರಲ್ಲಿ ಪುಟಕ್ಕೆ ಹತ್ತಾರು. ಕಣ್ಣು, ಅಂದುಕೊಂಡಳು. ಕಣ್ಣಿಗೆ ಪೊರೆ ಬರುತ್ತಿದೆ. ಅಥವಾ ಅದಕ್ಕಿಂತ ಹೇಳಬಾರದ್ದು ಏನೋ, ವಯಸ್ಸಾದವರ ತಲೆಯೊಳಗೆ ಮೆತ್ತಗೆ ಶುರುವಾಗುವಂಥದು. ಮಾವ ಪರದೆಯನ್ನು ನೋಡುತ್ತಲೇ ಇರಲಿಲ್ಲ. ಅದರ ಬೆಳಕನ್ನು ಪೂರ್ತಿ ತಗ್ಗಿಸಿ, ಪಕ್ಕದಲ್ಲಿ ನಿಲ್ಲಿಸಿಕೊಂಡ ಕೈಬರಹದ ಪ್ರತಿಯನ್ನೇ ನೋಡುತ್ತ ಹೊಡೆಯುವುದು ಅವರ ಟೈಪ್‌ರೈಟರ್ ಕಾಲದ ಹೆಮ್ಮೆ. ಹೊಡೆದದ್ದನ್ನು ತಿರುಗಿ ನೋಡುವವನಿಗೆ ತನ್ನ ಕೈ ಮೇಲೆ ನಂಬಿಕೆಯಿಲ್ಲ ಎಂದರ್ಥ ಎನ್ನುತ್ತಿದ್ದರು. ಹೀಗಾಗಿ ಅವಳು ಅವರ ತಪ್ಪುಗಳನ್ನೂ ತನ್ನ ಪೊರಕೆಗೆ ಕಲಿಸಿದಳು. ಹಲೆಯ ಎಂದಲ್ಲಿ ಹಳೆಯ. ಉಟ ಎಂದಲ್ಲಿ ಊಟ. ಒಂದೊಂದು ಪದವನ್ನು ಸೇರಿಸುವಾಗಲೂ ಅವರ ಜೇಬಿಗೆ ಕೈಹಾಕಿದಂತೆ ಮುಖ ಬಿಸಿಯಾಗುತ್ತಿತ್ತು. ಎರಡರಲ್ಲಿ ಯಾವುದಾದರೂ ಸರಿಯಾಗಿರಬಹುದಾದ ಪದಗಳನ್ನು ಯಂತ್ರಕ್ಕೆ ಬಿಡುವ ಹಾಗಿರಲಿಲ್ಲ, ಅವನ್ನು ಕಣ್ಣಿಟ್ಟು ಹುಡುಕಬೇಕಿತ್ತು. ಹೊಲದ ಪತ್ರವೊಂದರಲ್ಲಿ ಬೆಳೆ ಇರಬೇಕಾದಲ್ಲಿ ಬೆಲೆ ಕೂತಿದ್ದದ್ದು ಲಕೋಟೆ ಅಂಟಿಸುವ ಹೊತ್ತಿಗೆ ಕಂಡು, ಮೇಡಂ ಕೈಯಿಂದ ಲಕೋಟೆ ಕಿತ್ತುಕೊಂಡು ಪುಟದ ಅಂಚು ಓರೆಯಾಗಿದೆ ಎಂದು ಸುಳ್ಳು ಹೇಳಿದ್ದಳು.

'ಏನಮ್ಮ ಗುಬ್ಬಿ, ಪ್ರಿಂಟ್ ಕೊಡೋಕೆ ಮುಹೂರ್ತ ನೋಡ್ತಾ ಇದೀಯಾ?' ಇವತ್ತು ಅವಳು ಅಂಕಿಯ ಚೌಕ ಮುಚ್ಚಿದ್ದಷ್ಟೇ, ರೇಡಿಯೊ ಬಾಗಿಲಿಂದಲೇ ಕೂಗಿದಳು.

'ಕೊಟ್ಟೆ.'

'ಕೊಟ್ಟೆ ಅಂತೆ. ನೋಡಿ ಸರ್, ಇವಳು ಒಂದು ದಿನಕ್ಕೆ ಆಡೋ ಮಾತನ್ನ ನಾನು ಮೊದಲ ತುತ್ತಿಗೂ ಮುಂಚೆ ಆಡಿ ಮುಗಿಸ್ತೀನಿ. ಮದುವೆ ಆದ್ರೆ ಗಂಡ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾನೆ, ಇವಳಿಗೆ ಬಾಯಿ ಇದೆಯಾ ನೋಡಿ ಅಂತ.'

'ನಿನ್ನ ಗಂಡ ಯಾವ ಡಾಕ್ಟರ ಹತ್ರ ಹೋಗ್ತಾ ಇದಾನೆ, ಕಿವಿ ಡಾಕ್ಟರಾ?' ಎಂದರು ಮಾವ, ಪ್ರತಿಯಿಂದ ಕಣ್ಣು ತೆಗೆಯದೆ. ರೇಡಿಯೊ ಬಿದ್ದು ಬಿದ್ದು ನಕ್ಕಳು. ಗಾಜಿನೊಳಗೆ ಮೇಡಂ ಕೂಡ ನಕ್ಕರು. ಅವಳೂ ನಗಬೇಕೆಂದುಕೊಂಡಳು; ಆದರೆ ನಗುತ್ತಿದ್ದ ಮಾವನ ಎಡಗೈ ಕೀಲಿಗಳ ಮೇಲೆ ಒಂದು ಮಗ್ಗುಲಾಗಿ ಬಿದ್ದುಕೊಂಡಂತೆ ಕಂಡಿತು, ಕಂಡದ್ದು ನಿಜವೋ ತನ್ನ ಭಯವೋ ತಿಳಿಯುವಷ್ಟರಲ್ಲಿ ಕೈ ಮತ್ತೆ ಓಡತೊಡಗಿತು. ಆ ಸದ್ದು ಚೆನ್ನಾಗಿಯೇ ಇತ್ತು. ಅದೇ ಹಳೆಯ, ಒಂದೇ ಸಮನಾದ, ಹೆಂಚಿನ ಮೇಲಿಂದ ನೀರಿಳಿಯುವಂಥ ಸದ್ದು.

ಪ್ರಿಂಟರಿನ ಪಕ್ಕದಲ್ಲಿದ್ದ ಫೋನು ಬಡಿದುಕೊಂಡಿತು. ಫೋನಿಗೆ ಹತ್ತಿರವಿದ್ದವಳು ಅವಳೇ, ಫೋನು ಕಂಡರಾಗದವಳೂ ಅವಳೇ. ಬೇರೆಯವರು ಏಳುತ್ತಾರೇನೋ ಎಂದು ಕಾದು, ಎಲ್ಲರೂ ತನ್ನತ್ತ ನೋಡಿದ ಮೇಲೆ ಎತ್ತಿಕೊಂಡಳು.

'ಗುಬ್ಬೀ, ನಾನು ಕಣೇ, ಅತ್ತೆ. ನಿನ್ನ ಮಾವ ಅಲ್ಲೇ ಇದಾರಾ? ಬಾಯಿ ಬಿಡ್ಬೇಡ, ಹೂಂ ಅನ್ನು ಸಾಕು.'

'ಹೂಂ.'

'ಬೆಳಿಗ್ಗೆ ಮತ್ತೆ ಲೋಟ ಬಿತ್ತು ಅವರ ಕೈಯಿಂದ. ಜಾರ್ತು ಅಂತಾರೆ. ದಿನಾ ಜಾರತ್ತಾ? ಅಂಗಿ ಗುಂಡಿ ನಾನೇ ಹಾಕ್ಬೇಕು, ಹಾಕ್ತಾ ಇದ್ರೆ ಮದುಮಗನ ಹಾಗೆ ಸೆಟೆದು ನಿಂತ್ಕೋತಾರೆ, ನನಗೇನೋ ಅವರೇ ಉಪಕಾರ ಮಾಡ್ತಿರೋ ಹಾಗೆ.' ಹಿಂದೆ ನಲ್ಲಿಯ ನೀರು ಪಾತ್ರೆಗೆ ಬೀಳುತ್ತಿದ್ದ ಸದ್ದು. 'ಆಸ್ಪತ್ರೆಗೆ ಹೋಗೋಣ ಬನ್ನಿ ಅಂತ ಎಷ್ಟು ಹೇಳಿದೀನಿ ಗೊತ್ತಾ? ಹೇಳಿದಾಗೆಲ್ಲ ಚೀಲದಿಂದ ಆಫೀಸಿನ ಪುಟ ತೆಗೆದು ಮುಖಕ್ಕೆ ಹಿಡೀತಾರೆ. ಒಂದು ತಪ್ಪು ತೋರ್ಸು, ಕೈ ಕೆಟ್ಟಿದ್ರೆ ಹೀಗೆ ಬರ್ತಿತ್ತಾ, ಅಂತ. ನಾನು ಕನ್ನಡಕ ಹಾಕ್ಕೊಂಡು ಕೂತು ಓದ್ತೀನಿ ಕಣೇ. ನಿಜವಾಗ್ಲೂ ಒಂದೂ ಇರಲ್ಲ. ನನಗೇ ಬಾಯಿ ಕಟ್ಟಿಹೋಗತ್ತೆ.'

ಅವಳು ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು. ಬೆರಳ ತುದಿ ಬೆಳ್ಳಗಾಯಿತು. ಮಾವ ಹೊಡೆಯುವುದನ್ನು ನಿಲ್ಲಿಸಿ, ಯಾರದು ಎಂದು ಹುಬ್ಬಿನಲ್ಲೇ ಕೇಳುತ್ತಿದ್ದರು.

'ನೀನು ದಿನಾ ನೋಡ್ತೀಯಲ್ಲ. ನೀನು ಹೇಳಿದ್ರೆ ನಂಬ್ತೀನಿ. ಕೆಲಸ ಮುಂಚಿನ ಹಾಗೇ ಇದೆಯಾ?'

'ಇದೆ.'

'ತಪ್ಪು ಗಿಪ್ಪು?'

'ಇಲ್ಲ ಅತ್ತೆ.'

'ಅಬ್ಬ!' ಅತ್ತೆ ಉಸಿರುಬಿಟ್ಟದ್ದು ಕಿವಿಗೆ ಬಿಸಿಯಾಗಿ ತಗುಲಿದಂತಾಯಿತು. 'ಹಾಗಾದ್ರೆ ನನ್ನದೇ ಹುಚ್ಚು. ಚಳಿಗೆ ಹಿಡ್ಕೊಂಡಿರತ್ತೆ, ಅಲ್ವಾ? ಎಣ್ಣೆ ಬಿಸಿ ಮಾಡಿ ತಿಕ್ಕಿದ್ರೆ ಸರಿಹೋಗತ್ತೆ. ನೀನು ಹೇಳಿದ್ಮೇಲೆ ಇವತ್ತು ನಿದ್ದೆ ಬರತ್ತೆ ನೋಡು. ಇಡ್ಲಾ?'

ಇಟ್ಟುಬಿಟ್ಟಳು. ಅವಳು ಸತ್ತ ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದಳು.

'ಯಾರದು?' ಮಾವ ಕೇಳಿದರು.

'ರಾಂಗ್ ನಂಬರ್.'

'ರಾಂಗ್ ನಂಬರಿಗೆ ಅತ್ತೆ ಅಂತೀಯೇನೆ!' ರೇಡಿಯೊಳ ಕಿವಿ ಬಾಯಿಯಷ್ಟೇ ಚುರುಕು. ಮಾವನ ಮುಖದ ಮೇಲಿನ ನಗು ಹಾಗೇ ಇದ್ದು, ಕಣ್ಣಿನೊಳಗಿಂದ ಮಾತ್ರ ಯಾರೋ ಎದ್ದುಹೋದಂತಾಯಿತು. ಅವರು ಪ್ರತಿಯ ಹಾಳೆ ತಿರುವಿದರು. ಬಲಗೈಯಿಂದ ತಿರುವಿದರು ಎಂಬುದನ್ನು ಅವಳು ಗಮನಿಸಿದಳು. ಪ್ರತಿ ಇದ್ದದ್ದು ಎಡಗಡೆ.

ಕೂತಳು. ಇಷ್ಟು ದಿನ ಅವಳಿಗಿದ್ದದ್ದು ಒಂದೇ ಭಯ: ಮೇಡಂಗೆ ತಿಳಿದುಬಿಟ್ಟರೆ ಮಾವನ ಕುರ್ಚಿ ಹೋಗುತ್ತದೆ, ತಾನು ಕೈಹಾಕಿದ್ದು ಮಾವನಿಗೆ ತಿಳಿದರೆ ಅವರ ಮುಖ ಹೋಗುತ್ತದೆ. ಆ ಭಯದೊಳಗೆ ಒಂದು ಬೆಚ್ಚಗಿನ ಜಾಗವೂ ಇತ್ತು, ತಾನು ಅವರನ್ನು ಕಾಯುತ್ತಿದ್ದೇನೆ ಎಂಬ ಜಾಗ. ನಾಲ್ಕು ಜನರ ಮುಂದೆ ನಿಲ್ಲಲಾರದವಳು ಒಬ್ಬರ ಹಿಂದೆಯಾದರೂ ನಿಂತಿದ್ದೇನೆ ಎಂಬುದು. ಅಲ್ಲಿಗೇ ಈಗ ಅತ್ತೆ ಕನ್ನಡಕ ಹಾಕಿಕೊಂಡು ಬಂದು ಕೂತಿದ್ದಳು. ಸಂಜೆಯ ದೀಪದ ಕೆಳಗೆ ಒಂದೊಂದು ಸಾಲಿಗೂ ಬೆರಳಿಟ್ಟು ಓದುತ್ತಿದ್ದಳು. ಒಂದಾದರೂ ತಪ್ಪು ಸಿಗಲಿ ಎಂದು ಹುಡುಕುತ್ತಿದ್ದಳು. ಸಿಕ್ಕಿದ್ದರೆ ಗಂಡನ ತೋಳು ಹಿಡಿದು ಆಸ್ಪತ್ರೆಗೆ ಎಳೆದೊಯ್ಯಬಹುದಿತ್ತು. ಆ ತಪ್ಪುಗಳನ್ನೆಲ್ಲ ಇಲ್ಲಿ, ಈ ಮೂಲೆಯಲ್ಲಿ, ಎರಡು ಕೀಲಿ ಒತ್ತಿ ಒಬ್ಬಳು ಗುಡಿಸಿ ಹಾಕುತ್ತಿದ್ದಳು. ಲೋಟ. ಗುಂಡಿ. ಕಣ್ಣು ಕೆಟ್ಟವರ ಕೈಯಿಂದ ಲೋಟ ಯಾಕೆ ಬೀಳಬೇಕು?

ಗುಡಿಸುವ ಮುಂಚಿನ ಫೈಲುಗಳನ್ನು ಅವಳು ಅಳಿಸಿರಲಿಲ್ಲ. ಯಾಕೆ ಇಟ್ಟುಕೊಂಡಿದ್ದಳೋ, ಕಸವನ್ನೂ ಎಸೆಯಲು ಹೆದರುವವರಿರುತ್ತಾರೆ. ಬೆಳಗಿನದನ್ನು ತೆರೆದಳು. ಯಾರದೋ ಉಯಿಲು. ಈ ಸಲ ಬೇರೆ ಕಡೆ ನೋಡಲಿಲ್ಲ. ಕಣ್ಣಿನ ತಪ್ಪಾಗಿದ್ದರೆ ಎಲ್ಲ ಅಕ್ಷರಗಳೂ ತಪ್ಪಬೇಕಿತ್ತು. ಹಾಗಿರಲಿಲ್ಲ. ಕೆಲವು ಎಂದೂ ತಪ್ಪಿರಲಿಲ್ಲ, ಕೆಲವು ಯಾವಾಗಲೂ ತಪ್ಪಿದ್ದವು. ಅವಳು ತನ್ನ ಹತ್ತೂ ಬೆರಳನ್ನು ಕೀಲಿಗಳ ಮೇಲೆ ಇಟ್ಟು, ಒತ್ತದೆ, ಮಾವನ ತಪ್ಪುಗಳನ್ನು ಒಂದೊಂದಾಗಿ ಹೊಡೆಯುವಂತೆ ನಟಿಸಿದಳು. ಲ ಬೇಕಾದರೆ ಬಲಗೈಯ ಒಂದು ಬೆರಳು ಸಾಕು. ಅದನ್ನೇ ಳ ಮಾಡಲು ಎಡಗೈಯ ಕಿರುಬೆರಳು ಮೂಲೆಯ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿಯಬೇಕು. ಣ ಕೂಡ ಹಾಗೆ. ಊ ಕೂಡ ಹಾಗೆ. ಬಲಗೈ ಕಿರುಬೆರಳು ಹಿಡಿಯಬೇಕಾದವು ಒಂದೂ ತಪ್ಪಿರಲಿಲ್ಲ. ಅವಳ ಎಡಗೈ ಕಿರುಬೆರಳು ಪ್ರತಿ ಸಲವೂ ಇಳಿದು, ಹಿಡಿದು, ಮೇಲೆದ್ದಿತು. ಮಾವನದು ಇಳಿದೇ ಇರಲಿಲ್ಲ. ಚಳಿ ಶುರುವಾದಾಗಿನಿಂದ ಒಂದು ಬೆರಳು ಸುಮ್ಮನಾಗುತ್ತ ಬಂದಿತ್ತು, ಅದು ಕೂಗಿ ಹೇಳಿದ್ದನ್ನೆಲ್ಲ ಅವಳು ಕೇಳಿಸಿಕೊಂಡು, ಬೇರೆ ಯಾರಿಗೂ ಕೇಳದಂತೆ ಮಾಡಿದ್ದಳು. ಇವತ್ತಿನ ಫೈಲಿನಲ್ಲಿ ಇನ್ನೂ ಒಂದಿತ್ತು. ಕಿರುಬೆರಳಿನ ಪಕ್ಕದ ಬೆರಳು ಹೊಡೆಯಬೇಕಾದ ಅಕ್ಷರ ಅಲ್ಲಲ್ಲಿ ಬಿಟ್ಟುಹೋಗಿತ್ತು. ಅದಕ್ಕೇ ಅಂಕಿ ಹೆಚ್ಚಿದ್ದು.

ಊಟದ ಹೊತ್ತಿಗೆ ಮೇಡಂ ಮತ್ತು ರೇಡಿಯೊ ಕೆಳಗಿನ ಹೋಟೆಲಿಗೆ ಇಳಿದುಹೋದರು. ಮಾವ ಯಾವಾಗಲೂ ಮೇಜಿನಲ್ಲೇ ಡಬ್ಬಿ ಬಿಚ್ಚುವವರು. ಡಬ್ಬಿಯನ್ನು ಎದೆಗೆ ಅವುಚಿಕೊಂಡು ಬಲಗೈಯಿಂದ ಮುಚ್ಚಳ ಎಳೆಯುವುದನ್ನು ಅವಳು ತಿಂಗಳಿಂದ ನೋಡಿದ್ದಳು, ಮಗುವಿನ ಹಾಗೆ ಮಾಡುತ್ತಾರಲ್ಲ ಎಂದು ಒಳಗೊಳಗೇ ನಕ್ಕಿದ್ದಳು. ಆ ನಗು ಈಗ ಬಾಯೊಳಗೆ ಕಹಿಯಾಯಿತು. ಅತ್ತೆಗೆ ಫೋನು ಮಾಡಿ ಹೇಳಿಬಿಡಬಹುದು. ಆದರೆ ಇವರು ಒಪ್ಪುವುದಿಲ್ಲ, ಮತ್ತೊಂದು ಪುಟ ತೆಗೆದು ತೋರಿಸುತ್ತಾರೆ. ನಾಳೆಯಿಂದ ಗುಡಿಸದೆ ಇದ್ದುಬಿಡಬಹುದು. ಆಗ ಮೇಡಂ ನೋಡುತ್ತಾರೆ, ರೇಡಿಯೊ ನೋಡುತ್ತಾಳೆ, ಕಡೆಗೆ ಇವರು ನೋಡುತ್ತಾರೆ. ಅದಕ್ಕಿಂತ ಮೊದಲು ಇವರೇ ನೋಡಲಿ. ಗುಡಿಸದ ಉಯಿಲಿನ ಒಂದು ಪುಟವನ್ನು ಪ್ರಿಂಟರಿಗೆ ಕೊಟ್ಟಳು. ಗಾಜಿನ ಕೋಣೆಗೆ ಹೋಗಿ ಮೇಡಂ ಮೇಜಿನ ಮೇಲಿಂದ ಕೆಂಪು ಪೆನ್ಸಿಲು ತೆಗೆದುಕೊಂಡಳು, ಕದ್ದವಳ ಹಾಗೆ ಅದನ್ನು ಅಂಗೈಯೊಳಗೆ ಮುಚ್ಚಿಕೊಂಡು ಬಂದು, ನಿಂತುಕೊಂಡೇ ತಪ್ಪುಗಳಿಗೆ ಸುತ್ತು ಹಾಕತೊಡಗಿದಳು. ಕೆಂಪು ಮುಗಿಯುವ ಹಾಗೆಯೇ ಕಾಣಲಿಲ್ಲ. ಆಮೇಲೆ ಪುಟವನ್ನು ಒಯ್ದು ಮಾವನ ಡಬ್ಬಿಯ ಪಕ್ಕ ಇಟ್ಟು, ಅವರು ನೋಡುವವರೆಗೆ ಕಾದಳು.

ಮಾವ ತುತ್ತು ಬಾಯಿಗಿಟ್ಟುಕೊಂಡು ನೋಡಿದರು. 'ಅಯ್ಯಯ್ಯೋ, ಇದೇನಿದು, ರಣರಂಗ! ರೇಡಿಯೊ ಹೊಡೆದದ್ದಾ?' ಕಣ್ಣಲ್ಲಿ ನಗು ಬಂತು. 'ಬಾಯಿ ಮುಚ್ಚಿದ್ರೆ ತಾನೆ ಕೈ ನೆಟ್ಟಗೆ ಓಡೋದು. ನನ್ನ ಹತ್ರ ಯಾಕೆ ತಂದೆ? ಅವಳ ಮೇಜಿನ ಮೇಲಿಡು.'

'ನಿಮ್ಮದು ಮಾವ.'

ಕಚೇರಿಯಲ್ಲಿ ಮಾವ ಎಂದದ್ದಕ್ಕೋ ಏನೋ, ಅವರು ಪುಟದ ಬದಲು ಅವಳ ಮುಖ ನೋಡಿದರು. ಆಮೇಲೆ ಓದಿದರು. ಅಗಿಯುವುದನ್ನು ನಿಲ್ಲಿಸಿದರು.

'ಫಾಂಟು ಹಾರಿದೆ.'

'ಇಲ್ಲ.'

'ಪ್ರಿಂಟರ್ ಹಳೇದಾಯ್ತು. ಮೇಡಂಗೆ ಎಷ್ಟು ಸಲ ಹೇಳಿದೀನಿ.'

'ಇಲ್ಲ ಮಾವ. ನೀವು ಹೊಡೆದದ್ದು ಹೀಗೇ ಇರತ್ತೆ. ನಾನು ತಿದ್ದಿ ಕೊಡ್ತಿದ್ದೆ. ದಿನಾ. ಒಂದು ಮ್ಯಾಕ್ರೊ ಮಾಡಿ ಇಟ್ಟಿದ್ದೆ, ಅದು...'

'ನನ್ನ ಪುಟ ಮುಟ್ಟು ಅಂತ ನಿನಗೆ ಯಾರು ಹೇಳಿದ್ರು?' ದನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. 'ಕೈ ಹಿಡಿದು ಕಲಿಸಿದೋನು ನಾನು. ಹೊಡೆಯೋಕೆ ಬರದೇ ಇರೋಳು ನನಗೆ ಕೆಂಪು ಹಾಕ್ತೀಯಾ?' ಕೈತೊಳೆಯದೆ, ಬಲಗೈಯನ್ನು ಮಡಿಸಿದ್ದ ಕರವಸ್ತ್ರಕ್ಕೆ ಒರೆಸಿಕೊಂಡು ಕುರ್ಚಿ ಮುಂದಕ್ಕೆಳೆದರು. 'ಕೂತ್ಕೋ. ಹೇಳು, ಹೊಡೀತೀನಿ. ಏನಾದ್ರೂ ಹೇಳು.'

ಅವಳು ಕೈಚಾಚಿ ಪರದೆಯ ಬೆಳಕನ್ನು ಏರಿಸಿದಳು. ಏನು ಹೇಳುವುದು? ಬಾಯಿಗೆ ಬಂದದ್ದು ಹೇಳಿದಳು: ಊರಿನ ಹಳೆಯ ಬಾವಿಯಲ್ಲಿ ತಣ್ಣಗಿನ ನೀರು. ಬೆರಳುಗಳು ಓಡಿದವು. ಆ ಸದ್ದಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಮಾವ ತಾವು ಹೊಡೆಯುತ್ತಿದ್ದದ್ದನ್ನು ತಾವು ನೋಡಿದರು.

'ಇನ್ನೊಂದ್ಸಲ' ಎಂದರು. ಅವಳು ಇನ್ನೊಂದು ಸಲ ಹೇಳಿದಳು. ಅವರು ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಹೊಡೆದರು. ಹಲೆಯ, ಎಂದು ಬಂತು.

'ಒತ್ತಿದೀನಲ್ಲ. ಕೀಲಿ ಕೆಟ್ಟಿದೆ. ನೋಡು, ಒತ್ತಿ ಹಿಡ್ಕೊಂಡೇ ಇದೀನಿ.'

ಅವಳು ನೋಡಿದಳು. ಕಿರುಬೆರಳು ಕೀಲಿಯ ಮೇಲೆ, ಸ್ವಲ್ಪ ಮೇಲೆ, ಗಾಳಿಯಲ್ಲಿ ಬಾಗಿ ನಿಂತಿತ್ತು. ಏನೋ ಹೇಳಲು ಹೊರಟು ಮರೆತವರ ಹಾಗೆ.

'ಒತ್ತಿಲ್ಲ ಮಾವ. ಮೇಲೇ ಇದೆ.'

ಮಾವ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಹಣೆಯ ಪಕ್ಕದ ನರ ಉಬ್ಬುವಷ್ಟು ಬಲ ಹಾಕಿದರು, ಬೆರಳು ಸಣ್ಣಗೆ ನಡುಗಿ ಇದ್ದಲ್ಲೇ ಇತ್ತು. ಕೊನೆಗೆ ಬಲಗೈಯಿಂದ ಆ ಬೆರಳನ್ನು ಎತ್ತಿ, ನಿದ್ದೆಹೋದ ಮಗುವಿನ ಕೈಯನ್ನು ಹೊದಿಕೆಯೊಳಗೆ ಸೇರಿಸುವ ಹಾಗೆ ಮೆಲ್ಲಗೆ ಕೀಲಿಯ ಮೇಲೆ ಮಲಗಿಸಿದರು.

ಹೊರಗೆ ರೇಡಿಯೊಳ ಮಾತು, ಅವಳಿಗಿಂತ ಮೊದಲೇ, ಬಾಗಿಲಿಗೆ ಬಂತು. ಗುಬ್ಬಿಗೆ ಯೋಚಿಸಲೂ ಹೊತ್ತಿರಲಿಲ್ಲ. ಅವಳ ಕೈ ತಾನಾಗಿ ಚಾಚಿ ಪರದೆಯ ಮೇಲಿನ ಸಾಲುಗಳನ್ನು ಅಳಿಸಲು ಹೋಯಿತು. 'ಬೇಡ' ಎಂದರು ಮಾವ. 'ಇರ್ಲಿ ಬಿಡು.' ಮೇಡಂ ಒಳಗೆ ಬಂದರು, ಹಿಂದೆ ರೇಡಿಯೊ. ಬೆಳಕು ಏರಿಸಿದ್ದ ಪರದೆ ಬಾಗಿಲಿಗೇ ಕಾಣುತ್ತಿತ್ತು. ಡಬ್ಬಿಯ ಪಕ್ಕ ಕೆಂಪು ಪುಟ ಬಿದ್ದಿತ್ತು. ರೇಡಿಯೊ ಏನೋ ಹೇಳಲು ಬಾಯಿ ತೆರೆದವಳು ಮಾವನ ಎಡಗೈ ನೋಡಿ ಹಾಗೇ ಮುಚ್ಚಿದಳು.

'ಮೇಡಂ, ಮಧ್ಯಾಹ್ನ ನನಗೆ ರಜೆ ಬೇಕು' ಎಂದರು ಮಾವ, ಎದ್ದುನಿಂತು. 'ಆಸ್ಪತ್ರೆಗೆ ಹೋಗ್ಬೇಕು. ಇವಳನ್ನೂ ಕರ್ಕೊಂಡು ಹೋಗ್ತೀನಿ. ಆ ಉಯಿಲು ಕಳಿಸ್ಬೇಡಿ, ನಾನು ಬಂದು...' ನಿಲ್ಲಿಸಿದರು. 'ಯಾರಾದ್ರೂ ಮತ್ತೆ ಹೊಡೀಲಿ.'

ಮೆಟ್ಟಿಲಿನ ಕತ್ತಲೆಯಲ್ಲಿ ಮಾವ ಮುಂದೆ, ಅವಳು ಹಿಂದೆ. ಹಿಡಿದಿಳಿಯುವ ಕಂಬಿ ಇದ್ದದ್ದು ಎಡಗಡೆ. ಅವರ ಕೈ ಅದರ ಮೇಲೆ ಜಾರುತ್ತ ಇಳಿಯುತ್ತಿತ್ತು. ಹಿಡಿದುಕೊಂಡಿದೆಯೋ ಸುಮ್ಮನೆ ಮೇಲಿದೆಯೋ ಅವಳಿಗೆ ತಿಳಿಯಲಿಲ್ಲ. ಬೇಗ ಒಂದು ಮೆಟ್ಟಿಲು ಇಳಿದು ಅವರ ಸಮಕ್ಕೆ ಬಂದಳು, ಅವರಿಗೆ ತಾಗಲಿಲ್ಲ.

'ಯಾವಾಗಿಂದ?' ಎಂದರು, ತಿರುಗಿ ನೋಡದೆ.

'ಚಳಿ ಶುರುವಾದಾಗಿಂದ.'

ಒಂದು ತಿರುವು ಇಳಿದರು. ಕೆಳಗಿನ ಬೀದಿಯ ಬಿಸಿಲು ಬಾಗಿಲ ಚೌಕಟ್ಟಿನಷ್ಟು ಕಾಣಿಸಿತು.

'ಹಾಗಾದ್ರೆ ನಾನು ಮನೆಗೆ ಒಯ್ದು ತೋರಿಸ್ತಿದ್ದದ್ದೆಲ್ಲ ನಿನ್ನ ಪುಟ.'

ಮಾವ ನಿಂತರು. ಉಸಿರಿಗಾಗಿ ನಿಂತರೇನೋ ಅಂದುಕೊಂಡಳು.

'ಡಾಕ್ಟರು ಕೇಳಿದ್ರೆ ನಾನು ಏನೂ ಇಲ್ಲ, ಚಳಿಗೆ ಜೋಮು ಅಂದ್ಬಿಡ್ತೀನಿ. ನನ್ನ ಬುದ್ಧಿ ನನಗೆ ಗೊತ್ತು. ನಾನು ಏನೇ ಹೇಳ್ಲಿ, ನೀನು ಇದ್ದದ್ದು ಇದ್ದ ಹಾಗೆ ಹೇಳು. ಎಷ್ಟು ಜನ ಇದ್ರೂ. ಆಗತ್ತಾ?'

ಆಸ್ಪತ್ರೆಯ ಕ್ಯೂ, ಬೆಂಚಿನ ತುಂಬ ಜನ, ಮೇಜಿನಾಚೆ ಕೂತು ಪೆನ್ನು ಹಿಡಿದು ತನ್ನ ಬಾಯನ್ನೇ ನೋಡುವ ಡಾಕ್ಟರು, ಎಲ್ಲ ಒಮ್ಮೆಲೇ ಅವಳ ಕಣ್ಣಮುಂದೆ ಬಂತು. ಮೊದಲ ಮಾತು ಏನಾಗಬೇಕು? ಒಂದು ಬೆರಳಿಂದ ಶುರುಮಾಡಬೇಕೋ, ಲೋಟದಿಂದಲೋ, ತನ್ನಿಂದಲೋ? ಮಾವ ಇನ್ನೂ ನಿಂತೇ ಇದ್ದರು, ಮುಂದಿನ ಮೆಟ್ಟಿಲಿಗೆ ಕಾಲಿಡದೆ, ಅವಳು ಮಾತಾಡುವುದನ್ನೇ ಕಾಯುತ್ತ.

'ಹೇಳ್ತೀನಿ ಮಾವ' ಎಂದಳು. ಮೆಟ್ಟಿಲಿನ ಗೋಡೆಗಳಿಗೆ ತಾಗಿ ಅದು ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಕೇಳಿಸಿತು.